ಆರು ಜನ ಸೇರಿ ಒಂದು ಕೌದಿ: ಬಟ್ಟೆ ಆರಿಸುವುದರಿಂದ ಹೆಸರು ಹೊಲಿಯುವವರೆಗೆ

ಕೌದಿಯ ಬಗ್ಗೆ ಕೇಳುವವರ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. "ನಮ್ಮ ಓಣಿಯಲ್ಲಿ ಐದಾರು ಜನ ಇದ್ದೇವೆ, ಎಲ್ಲರ ಮನೆಯಲ್ಲೂ ಹಳೆಯ ಸೀರೆಗಳ ಗಂಟಿದೆ, ಎಲ್ಲಿಂದ ಶುರು ಮಾಡಬೇಕು?" ಎಂಬುದು ಒಂದು. "ಶುರು ಮಾಡಿದೆವು, ಆದರೆ ನಡುವೆ ಉಬ್ಬು ಬಂದು ಕೆಲಸ ನಿಂತಿದೆ" ಎಂಬುದು ಎರಡನೆಯದು. "ಕೌದಿ ಮುಗಿಯಿತು, ಯಾರು ಇಟ್ಟುಕೊಳ್ಳಬೇಕು ಎಂಬ ಮಾತಿಗೆ ಮನಸ್ತಾಪವಾಯಿತು" ಎಂಬುದು ಮೂರನೆಯದು. ಒಬ್ಬರೇ ಕೂತು ಹೊಲಿಯುವವರಿಗೆ ಮೊದಲ ಪ್ರಶ್ನೆ ಮಾತ್ರ ಇರುತ್ತದೆ. ಗುಂಪಾಗಿ ಹೊಲಿಯುವವರಿಗೆ ಉಳಿದ ಎರಡೂ ತಪ್ಪಿದ್ದಲ್ಲ. ಆದ್ದರಿಂದ ಈ ಬರಹ ಗುಂಪಿನವರಿಗೆಂದೇ ಬರೆದದ್ದು.

ಕೌದಿ ಎಂದರೆ ಹಳೆಯ ಹತ್ತಿಬಟ್ಟೆಗಳನ್ನು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಇಡೀ ಮೈಗೆ ಕೈಹೊಲಿಗೆ ಹಾಕಿದ ಹೊದಿಕೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಇದು ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಗಳನ್ನು ಇಂದು ಹೊರದೇಶಗಳವರೂ ಬಲ್ಲರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದ ಈ ಸಮುದಾಯದವರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಹೊಲಿಗೆ ಮುಂದೆ ಸಾಗಿದಂತೆ ಒಂದೊಂದೇ ತುಂಡು ಸೇರುತ್ತದೆ. ಗುಂಪಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲವೆಂದೇ ನನ್ನ ನಂಬಿಕೆ, ಏಕೆಂದರೆ ನಾಲ್ಕೂ ಬದಿಯಲ್ಲಿ ಒಂದೇ ಹೊತ್ತಿಗೆ ಕೂತು ಕೆಲಸ ಮಾಡಬಹುದು. ಕೆಳಗೆ ವಿವರಿಸಿರುವುದು ಆ ಕ್ರಮವನ್ನೇ.

1. ಯಾರ ಕೌದಿ ಎಂಬುದು ಮೊದಲು ತೀರ್ಮಾನವಾಗಲಿ

ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಒಂದು ಸಂಜೆ ಸುಮ್ಮನೆ ಕೂತು ಮಾತಾಡಿ. ಮೂರು ದಾರಿಗಳಿವೆ.

ಮೊದಲನೆಯದು ಮುಯ್ಯಿ. ಹೊಲಗದ್ದೆಯ ಕೆಲಸದಲ್ಲಿ ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು ಎಂದು ಆಳು ಬದಲಿಸಿಕೊಳ್ಳುವ ಪದ್ಧತಿಯನ್ನೇ ಇಲ್ಲಿಗೆ ತನ್ನಿ. ಬಟ್ಟೆ ಒಬ್ಬರದು, ದುಡಿಮೆ ಎಲ್ಲರದು, ಕೌದಿ ಬಟ್ಟೆಯವರದು. ಮುಗಿದ ಮೇಲೆ ಮುಂದಿನವರ ಸರದಿ. ಎರಡನೆಯದು ಉಡುಗೊರೆ: ಗುಂಪಿನಲ್ಲಿ ಯಾರ ಮನೆಯಲ್ಲಾದರೂ ಬಾಣಂತನವಿದ್ದರೆ ಎಲ್ಲರೂ ಬಟ್ಟೆ ತಂದು ತೊಟ್ಟಿಲ ಕೌದಿ ಹೊಲಿದುಕೊಡುವುದು. ಮೂರನೆಯದು ಮಾರಾಟ.

ಹೊಸ ಗುಂಪಿಗೆ ನನ್ನ ಸಲಹೆ ಉಡುಗೊರೆಯಿಂದ ಆರಂಭಿಸಿ ಎಂದು. ತೊಟ್ಟಿಲ ಕೌದಿ ಎರಡೂವರೆ ಅಡಿ ಅಗಲ, ಮೂರಡಿ ಉದ್ದವಿದ್ದರೆ ಸಾಕು. ಬೇಗ ಮುಗಿಯುತ್ತದೆ, ಯಾರಿಗೆ ಎಂಬ ಗೊಂದಲವಿಲ್ಲ, ಯಾರ ಕೈ ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಮುಯ್ಯಿಯ ದಾರಿ ಹಿಡಿದರೆ ಸರದಿಯ ಚೀಟಿಯನ್ನು ಮೊದಲ ದಿನವೇ ಎತ್ತಿಬಿಡಿ. ತನ್ನ ಕೌದಿ ಮುಗಿದ ಮೇಲೆ ಬರುವುದನ್ನು ನಿಲ್ಲಿಸುವವರು ಎಲ್ಲ ಗುಂಪಿನಲ್ಲೂ ಇರಬಹುದು. ಹಾಗಾಗಿ ಒಂದು ಪುಸ್ತಕವಿರಲಿ: ತಾರೀಖು, ಬಂದವರ ಹೆಸರು, ಕೂತ ಗಂಟೆ. ಅಕ್ಕತಂಗಿಯರಂತಿರುವವರ ನಡುವೆ ಲೆಕ್ಕವೇಕೆ ಎಂದು ಯಾರಾದರೂ ಅಂದರೆ, ಅಕ್ಕತಂಗಿಯರಂತೆ ಉಳಿಯಬೇಕೆಂದೇ ಲೆಕ್ಕ ಎಂದು ಹೇಳಿ.

2. ಬಟ್ಟೆ ಆರಿಸಿ, ತೊಳೆಯಿರಿ

ಗುಂಪಿನ ಕೌದಿ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಆರು ಮನೆಯ ಬಟ್ಟೆ ಬರುತ್ತದೆ, ಪ್ರತಿಯೊಂದರ ಹಿಂದೆ ಒಂದು ನೆನಪಿರುತ್ತದೆ, ಬೇಡವೆನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ಬೇಡವೆನ್ನಬೇಕಾದ್ದನ್ನು ಬೇಡವೆನ್ನಿ.

ಬೇಕಾದದ್ದು ಮೆತ್ತಗಾದ ಹತ್ತಿ. ಉಟ್ಟು ಒಗೆದು ಹದವಾದ ಹತ್ತಿ ಸೀರೆ, ಧೋತರ, ಪಂಚೆ, ಹತ್ತಿಯ ಲುಂಗಿ, ಮಕ್ಕಳ ಲಂಗ, ಹತ್ತಿಯ ಅಂಗಿ. ಪಾಲಿಯೆಸ್ಟರ್, ನೈಲಾನ್, ಜಾರ್ಜೆಟ್ ಬೇಡ. ಇವು ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತವೆ. ಜೀನ್ಸ್ ಬಟ್ಟೆಯೂ ಬೇಡ, ನಾಲ್ಕು ಪದರದ ಮೂಲಕ ಸೂಜಿ ದಾಟಿಸುವಷ್ಟರಲ್ಲಿ ಬೆರಳು ಸೋಲುತ್ತದೆ. ಜರಿಯಂಚನ್ನು ಕತ್ತರಿಸಿ ತೆಗೆಯಿರಿ, ಮೈಗೆ ಚುಚ್ಚುತ್ತದೆ. ಇಳಕಲ್ ಸೀರೆಯಲ್ಲಿ ಮೈ ಹತ್ತಿಯಾಗಿದ್ದು ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆಯದಾಗಿರುವುದುಂಟು. ಮೈಯನ್ನು ಅಡಿಹಾಸಿಗೆ, ಅಂದರೆ ಕೆಳಗಿನ ಪದರಗಳಿಗೆ ಬಳಸಿ, ಸೆರಗನ್ನು ಬೇರೆಯೇ ಇಡಿ.

ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಹಗುರವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ಬೆರೆತ ಬಟ್ಟೆಯಾದರೆ ಬೂದಿಯಲ್ಲಿ ಗಟ್ಟಿ ಹರಳು ಕೈಗೆ ಸಿಗುತ್ತದೆ.

ಇನ್ನು ಬಣ್ಣ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಪರೀಕ್ಷಿಸದೆ ಸೇರಿಸಬೇಡಿ. ಒಂದು ಬಿಳಿ ಚಿಂದಿಯ ಜೊತೆ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಚಿಂದಿಗೆ ಬಣ್ಣ ಹತ್ತಿದರೆ ಮತ್ತೆರಡು ಬಾರಿ ತೊಳೆದು ಮತ್ತೆ ನೋಡಿ. ಆಗಲೂ ಬಿಟ್ಟರೆ ಆ ಬಟ್ಟೆ ಈ ಕೌದಿಗಲ್ಲ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಬಳಸಿದ ಬಟ್ಟೆಯ ವಿಷಯದಲ್ಲಿ ಅದನ್ನು ನೆಚ್ಚಬೇಡಿ. ಒಬ್ಬರ ಸೀರೆಯ ಬಣ್ಣ ಇನ್ನೊಬ್ಬರ ತಾಯಿಯ ಸೀರೆಗೆ ಹತ್ತಿದರೆ ತೊಳೆದು ಸರಿಮಾಡಲಾಗುವುದಿಲ್ಲ.

ಗಂಜಿ ಹಾಕಿದ ಬಟ್ಟೆಯಿದ್ದರೆ ಗಂಜಿ ಪೂರ್ತಿ ಹೋಗುವಂತೆ ಒಗೆಯಿರಿ, ಇಲ್ಲದಿದ್ದರೆ ಹುಳು ಬರುತ್ತದೆ. ಹೊಸ ಬಟ್ಟೆಯ ತುಂಡು ಒಂದಾದರೂ ಸೇರುವುದಿದ್ದರೆ ಅದನ್ನೂ ಒಗೆದೇ ಕತ್ತರಿಸಿ. ಕೊನೆಗೆ ಪ್ರತಿ ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಸವೆದು ತೆಳುವಾದ, ಎಳೆದರೆ ಹರಿಯುವ ಬಟ್ಟೆ ಮೇಲಿನ ತುಂಡಿಗೆ ಬರುವುದಿಲ್ಲ. ಗಟ್ಟಿ ಭಾಗ ಮಾತ್ರ ಕತ್ತರಿಸಿಕೊಂಡು ಒಳಪದರಕ್ಕೆ ಹಾಕಬಹುದು.

3. ಸಾಮಾನು

ದೊಡ್ಡ ಕಣ್ಣಿನ, ತುಸು ಉದ್ದನೆಯ ಕೈಸೂಜಿಗಳು. ದಬ್ಬಳ ಬೇಡ, ಅದು ಮಾಡುವ ತೂತು ಹಳೆಯ ಬಟ್ಟೆಯಲ್ಲಿ ದೊಡ್ಡದಾಗುತ್ತ ಹೋಗುತ್ತದೆ. ಬಿಳಿಯ ದಪ್ಪ ಹತ್ತಿದಾರ, ಒಂದೇ ಅಂಗಡಿಯಿಂದ, ಒಂದೇ ಬಗೆಯದು. ಆರು ಜನ ಆರು ಬಗೆಯ ದಾರ ತಂದರೆ ಹೊಲಿಗೆಯ ಮೈಯೇ ಬೇರೆಬೇರೆಯಾಗಿ ಕಾಣುತ್ತದೆ. ಜೇನುಮೇಣದ ಉಂಡೆ (ದಾರವನ್ನು ಅದರ ಮೇಲೆ ಎಳೆದರೆ ಗಂಟು ಬೀಳುವುದು ಕಡಿಮೆ), ಅಂಗುಸ್ತಾನ, ಅಂದರೆ ಸೂಜಿ ಒತ್ತುವ ಬೆರಳಿಗೆ ದರ್ಜಿಗಳು ಹಾಕುವ ಲೋಹದ ಟೊಪ್ಪಿಗೆ, ಎರಡು ಕತ್ತರಿ, ಅಳತೆಪಟ್ಟಿ. ಜೊತೆಗೆ ಒಂದು ಅಯಸ್ಕಾಂತ.

ಅಯಸ್ಕಾಂತ ಸೂಜಿಗಾಗಿ. ಕೂರುವಾಗ ಸೂಜಿ ಎಣಿಸಿ ಕೊಡಿ, ಏಳುವಾಗ ಎಣಿಸಿ ತೆಗೆದುಕೊಳ್ಳಿ. ಒಂದು ಕಡಿಮೆಯಾದರೂ ಅದು ಸಿಗುವವರೆಗೆ ಕೌದಿ ಮಡಚಬೇಡಿ. ಮಗು ಮಲಗುವ ವಸ್ತು ಇದು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

4. ಅಡಿಹಾಸು

ಒಬ್ಬರು ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸರಿಯಾದ ಅಳತೆ. ಐದೂವರೆ ಮೀಟರಿನ ಸೀರೆ ಎಂದರೆ ಸುಮಾರು 18 ಅಡಿ, ಪನ್ನಾ ಎಂದರೆ ಬಟ್ಟೆಯ ಅಗಲ, ಅದು ಸಾಮಾನ್ಯವಾಗಿ 45 ಅಂಗುಲ. ಸೀರೆಯನ್ನು ಐದೂವರೆ ಅಡಿಗಳ ತುಂಡುಗಳಾಗಿ ಕತ್ತರಿಸಿ. ಒಂದು ಸೀರೆಗೆ ಮೂರು ತುಂಡು ಬರುತ್ತದೆ. ಎರಡೆರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಒಂದು ಪದರ. ಹೀಗೆ ಎರಡು ಸೀರೆಯಲ್ಲಿ ಮೂರು ಪದರವಾಗುತ್ತದೆ: ಒಂದು ಅಡಿಗೆ, ಎರಡು ಒಳಗೆ. ಹರಿದ ಭಾಗ ಬಿಡಬೇಕಾಗುವುದರಿಂದ ಮೂರು ಸೀರೆ ಕೈಯಲ್ಲಿರಲಿ. ಈ ಜೋಡಣೆಗೆ ಮಾತ್ರ ಹೊಲಿಗೆಯಂತ್ರ ಬಳಸಬಹುದು. ಮೇಲಿನ ಹೊಲಿಗೆಗೆ ಯಂತ್ರ ಬಳಸಿದರೆ ಬಟ್ಟೆ ಗಡುಸಾಗುತ್ತದೆ, ಕೌದಿಯ ಮೆತ್ತನೆಯ ಗುಣವೇ ಹೋಗುತ್ತದೆ.

ಒಳಪದರಗಳನ್ನು ನಾಲ್ಕೂ ಕಡೆ ಒಂದೊಂದು ಅಂಗುಲ ಕಡಿಮೆ ಮಾಡಿ ಕತ್ತರಿಸಿ. ಅಡಿಪದರವನ್ನು ಗುಡಿಸಿ ಒರೆಸಿದ ನೆಲದ ಮೇಲೆ ಹಾಸಿ, ಒಳಪದರಗಳನ್ನು ಅದರ ಮೇಲೆ ಹರಡಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರದಂತೆ ಪದರವನ್ನು ಸ್ವಲ್ಪ ಸರಿಸಿ, ಹೆಚ್ಚಾದ ಅಂಚನ್ನು ಕತ್ತರಿಸಿ. ಮೂಲೆಗಳಿಗೆ ಭಾರ ಇಟ್ಟು ಕಚ್ಚಾ ಹೊಲಿಗೆ ಹಾಕಿ. ಕಚ್ಚಾ ಹೊಲಿಗೆ ಎಂದರೆ ಪದರಗಳು ಜಾರದಂತೆ ತಾತ್ಕಾಲಿಕವಾಗಿ ಹಾಕುವ ದೊಡ್ಡ ಹೊಲಿಗೆ, ಆಮೇಲೆ ಬಿಚ್ಚುವಂಥದ್ದು. ಗೇಣಿಗೊಂದು ಸಾಲು ಸಾಕು. ದಾರವನ್ನು ಎಳೆದು ಬಿಗಿಯಬೇಡಿ.

ಮೂರಕ್ಕಿಂತ ಹೆಚ್ಚು ಪದರ ಹಾಕುವ ಆಸೆ ಮಳೆನಾಡಿನವರಿಗೂ ಚಳಿಯೂರಿನವರಿಗೂ ಇರುತ್ತದೆ. ಮೇಲಿನ ತುಂಡು ಸೇರಿ ನಾಲ್ಕು, ತುಂಡುಗಳು ಒಂದರ ಮೇಲೊಂದು ಬರುವಲ್ಲಿ ಐದಾರು. ಮೊದಲ ಕೌದಿಗೆ ಇದಕ್ಕೆ ಮೀರಬೇಡಿ.

5. ಕೂರುವ ಕ್ರಮ

ಏಳಡಿಯ ಬದಿಗೆ ಇಬ್ಬಿಬ್ಬರು, ಐದಡಿಯ ಬದಿಗೆ ಒಬ್ಬೊಬ್ಬರು: ಒಟ್ಟು ಆರು. ಅದಕ್ಕಿಂತ ಹೆಚ್ಚು ಜನರಿದ್ದರೆ ಉಳಿದವರು ತುಂಡು ಕತ್ತರಿಸಲಿ, ಅಂಚು ಮಡಚಿಕೊಡಲಿ, ದಾರಕ್ಕೆ ಮೇಣ ಹಚ್ಚಲಿ. ಕೌದಿಯ ಮೇಲೆ ಯಾರೂ ಕೂರಬಾರದು, ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಳ್ಳಲೂಬಾರದು. ಎಳೆದ ಕಡೆಗೆ ಪದರ ಜರುಗಿ, ಎದುರಿನವರ ಬದಿ ಓರೆಯಾಗುತ್ತದೆ. ಬಾಗಿ ಕೂತು ಬೆನ್ನು ನೋಯುವವರಿದ್ದರೆ ಅಗಲವಾದ ಮಂಚದ ಮೇಲೆ ಹರಡಿ, ಸುತ್ತ ಸ್ಟೂಲ್ ಹಾಕಿ.

ಬಲಗೈಯವರು ನಡುವಿಗೆ ಮುಖ ಮಾಡಿ ಕೂತಾಗ ಹೊಲಿಗೆ ಬಲದಿಂದ ಎಡಕ್ಕೆ ಸಾಗುತ್ತದೆ, ಅಂದರೆ ಇಡೀ ಕೌದಿಯ ಸುತ್ತ ಪ್ರದಕ್ಷಿಣೆಯ ದಿಕ್ಕಿನಲ್ಲಿ. ಎಲ್ಲರೂ ಅದೇ ದಿಕ್ಕಿನಲ್ಲಿ ಹೋಗಬೇಕು. ಎಡಗೈಯವರ ಹೊಲಿಗೆ ಎದುರು ದಿಕ್ಕಿನಿಂದ ಬರುವುದರಿಂದ ಎರಡು ಸಾಲು ಕೂಡುವಲ್ಲಿ ಬಟ್ಟೆ ಉಬ್ಬುವ ಸಂಭವವಿದೆ. ಅವರಿಗೆ ಐದಡಿಯ ಬದಿಯೊಂದನ್ನು ಪೂರ್ತಿಯಾಗಿ ಬಿಟ್ಟುಕೊಡಿ, ಕೂಡುವ ಜಾಗ ಮೂಲೆಯಲ್ಲಿರಲಿ, ಅಲ್ಲಿ ಬಟ್ಟೆಯನ್ನು ಸವರಿ ಸವರಿ ಮುಂದುವರಿಯಿರಿ.

6. ಅಂಚಿನಿಂದ ನಡುವಿಗೆ

ಮೊದಲು ಒಂದು ಪರೀಕ್ಷೆ. ಎರಡು ಪದರದ ಬೇಡದ ಬಟ್ಟೆಯಲ್ಲಿ ಪ್ರತಿಯೊಬ್ಬರೂ ಒಂದು ಗೇಣು ಉದ್ದದ ಹತ್ತು ಸಾಲು ಹೊಲಿದು ನೆಲದ ಮೇಲಿಡಿ. ಮುದುಡಿದರೆ ದಾರದ ಬಿಗಿ ಹೆಚ್ಚಾಯಿತು. ಹೊಲಿಗೆಯ ಕೆಳಗೆ ಬೆರಳಿನ ತುದಿ ತೂರುವಂತಿದ್ದರೆ ಸಡಿಲವಾಯಿತು. ಗುಂಪಿನಲ್ಲಿ ಒಂದಾಗಬೇಕಾದದ್ದು ಈ ಬಿಗಿ ಮಾತ್ರ. ಹೊಲಿಗೆಯ ಉದ್ದ ಒಬ್ಬರದು ಚಿಕ್ಕದು, ಇನ್ನೊಬ್ಬರದು ದೊಡ್ಡದು ಇರಲಿ. ಅಂಗುಲಕ್ಕೆ ಮೂರೋ ನಾಲ್ಕೋ ಬಂದರೆ ಸಾಕು. ಆ ವ್ಯತ್ಯಾಸದಲ್ಲೇ ಯಾರ ಕೈ ಎಲ್ಲಿ ನಡೆದಿದೆ ಎಂಬುದು ಗೊತ್ತಾಗುತ್ತದೆ, ಅದು ಕೌದಿಯ ಚೆಲುವು. ಒಬ್ಬರ ಹೊಲಿಗೆಯನ್ನು ಅವರು ಹೋದ ಮೇಲೆ ಬಿಚ್ಚಿ "ಸರಿಮಾಡುವ" ಅಭ್ಯಾಸ ಯಾವ ಗುಂಪಿಗೂ ಬೇಡ. ಅದರಿಂದ ಕೌದಿ ಸುಧಾರಿಸುವುದಿಲ್ಲ, ಮನಸ್ಸು ಮುರಿಯುತ್ತದೆ.

ತುಂಡುಗಳು ನಾಲ್ಕರಿಂದ ಎಂಟು ಅಂಗುಲದವು, ಚೌಕವಾಗಿಯೋ ಪಟ್ಟಿಯಾಗಿಯೋ ಇರಲಿ. ಮೊದಲ ಸುತ್ತು ಹೀಗೆ: ಅಡಿಪದರದ ಅಂಚನ್ನು ಒಂದು ಅಂಗುಲ ಒಳಕ್ಕೆ ಮಡಚಿ. ಅದರ ಮೇಲೆ ತುಂಡನ್ನಿಟ್ಟು, ತುಂಡಿನ ಹೊರ ಅಂಚನ್ನೂ ಅರ್ಧ ಅಂಗುಲ ಒಳಕ್ಕೆ ಮಡಚಿ ಎರಡನ್ನೂ ಸಮಮಾಡಿ. ಅಂಚಿನಿಂದ ಸ್ವಲ್ಪವೇ ಒಳಗೆ ಹೊಲಿಗೆ ಆರಂಭಿಸಿ. ದಾರ ಒಂದು ಮಾರಿಗಿಂತ ಕಡಿಮೆಯೇ ಇರಲಿ, ಉದ್ದ ದಾರ ಸುತ್ತಿಕೊಳ್ಳುತ್ತದೆ. ಗಂಟನ್ನು ಮಡಿಕೆಯ ಒಳಗೆ ಮುಚ್ಚಿಡಿ. ಒಂದು ತುಂಡು ಮುಗಿಯುವ ಒಂದೆರಡು ಅಂಗುಲ ಮೊದಲೇ ಮುಂದಿನ ತುಂಡಿನ ಪಕ್ಕದಂಚು ಮಡಚಿ, ಹಿಂದಿನದರ ಮೇಲೆ ಅರ್ಧ ಅಂಗುಲ ಬರುವಂತೆ ಇಟ್ಟು ನಿಲ್ಲಿಸದೆ ಹೊಲಿದುಕೊಂಡು ಹೋಗಿ. ಮೂಲೆಗೆ ಬಂದಾಗ ತಿರುಗಿ ಮುಂದಿನ ಬದಿಗೆ ಸಾಗಿ. ಒಂದು ಸುತ್ತು ಮುಗಿದರೆ ಮುಕ್ಕಾಲು ಅಂಗುಲ ಒಳಗೆ ಎರಡನೆಯ ಸಾಲು.

ತುಂಡಿನ ಒಳ ಅಂಚನ್ನು ಮಡಚಬೇಕಿಲ್ಲ. ಹೊಲಿಗೆಯ ಸಾಲು ಅದರ ಹತ್ತಿರ ಬಂದಾಗ ಅದರ ಮೇಲೆ ಅಂಚು ಮಡಚಿದ ಹೊಸ ತುಂಡು ಬಂದು ಮುಚ್ಚುತ್ತದೆ. ಇದೇ ಈ ಕ್ರಮದ ಜೀವಾಳ. ಮೇಲಿನ ಬಟ್ಟೆ ಒಂದೇ ಹಾಳೆಯಾಗಿಲ್ಲ, ಆದ್ದರಿಂದ ಹೊಲಿಗೆಯಿಂದ ಬಟ್ಟೆ ಜರುಗಿದರೂ ಮುಂದಿನ ತುಂಡನ್ನು ಇಡುವಾಗ ಆ ಜರುಗನ್ನು ಹೊಂದಿಸಿಕೊಳ್ಳಬಹುದು.

ಉಬ್ಬು ಬರುವುದು ಹಾಗಾದರೆ ಎಲ್ಲಿಂದ? ಕೆಳಗಿನ ಪದರಗಳಿಂದ. ಅಂಚಿನಿಂದ ಒಳಕ್ಕೆ ಹೊಲಿಯುವಾಗ ಪ್ರತಿ ಸುತ್ತೂ ಸ್ವಲ್ಪ ಸಡಿಲ ಬಟ್ಟೆಯನ್ನು ನಡುವಿಗೆ ತಳ್ಳುತ್ತದೆ. ಹತ್ತು ಸುತ್ತಿನ ಸಡಿಲ ಸೇರಿದರೆ ಗುಡ್ಡವಾಗುತ್ತದೆ. ಆದ್ದರಿಂದ ಎರಡು ಸುತ್ತಿಗೊಮ್ಮೆ ಎಲ್ಲರೂ ಕೈ ನಿಲ್ಲಿಸಿ. ಕೌದಿಯನ್ನು ಮಗುಚಿ ಹಿಂಬದಿ ನೋಡಿ, ನೆರಿಗೆ ಮೊದಲು ಕಾಣುವುದು ಅಲ್ಲಿಯೇ. ಇನ್ನೂ ಹೊಲಿಯದ ಭಾಗದ ಕಚ್ಚಾ ಹೊಲಿಗೆಯನ್ನು ಬಿಚ್ಚಿ, ಪದರಗಳನ್ನು ಮತ್ತೆ ಸವರಿ, ಹೊಸದಾಗಿ ಕಚ್ಚಾ ಹಾಕಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಸವರಿದರೂ ಹೋಗದಷ್ಟು ಸಡಿಲವಿದ್ದರೆ ಒಳಪದರದಲ್ಲಿ ಕಾಲಂಗುಲದ ಸಣ್ಣ ಮಡಿಕೆ ಹಿಡಿದು ಅದರ ಮೇಲೆ ತುಂಡು ಬರುವಂತೆ ನೋಡಿಕೊಳ್ಳಿ. ಈಗಾಗಲೇ ದೊಡ್ಡ ಉಬ್ಬು ಬಂದು ನಿಂತಿರುವವರಿಗೂ ದಾರಿ ಇದೇ: ಕೊನೆಯ ಎರಡು ಮೂರು ಸುತ್ತು ಬಿಚ್ಚಿ, ಒಂದೇ ದೊಡ್ಡ ಮಡಿಕೆಯ ಬದಲು ನಾಲ್ಕೈದು ಸಣ್ಣ ಮಡಿಕೆಗಳಿಗೆ ಹಂಚಿ.

ಒಂದೊಂದು ಸುತ್ತಿಗೆ ಜಾಗ ಬದಲಿಸಿ. ಬಿಗಿಗೈಯವರು ಒಂದೇ ಬದಿಯಲ್ಲಿ ಕೊನೆಯವರೆಗೂ ಕೂತರೆ ಆ ಬದಿ ಒಂದೆರಡು ಅಂಗುಲ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಜಾಗ ಬದಲಾದರೆ ಬಿಗಿ ಸಾಲಿನ ಪಕ್ಕ ಸಡಿಲ ಸಾಲು ಬಂದು ಎಲ್ಲ ಬದಿಯೂ ಸಮವಾಗುತ್ತದೆ. ಜೊತೆಗೆ ಪ್ರತಿಯೊಬ್ಬರ ಕೈಯೂ ಕೌದಿಯ ನಾಲ್ಕು ಕಡೆ ಮುಟ್ಟಿರುತ್ತದೆ, ಇದು ನನಗೆ ಬಹಳ ಮುಖ್ಯವೆನಿಸುತ್ತದೆ.

ಬಣ್ಣ ಹೊಂದಿಸುವ ಬಗ್ಗೆ ಹೆಚ್ಚು ಚರ್ಚೆ ಬೇಡ. ಒಂದೇ ಬಟ್ಟೆಯ ತುಂಡುಗಳು ಒಂದೇ ಕಡೆ ಗುಂಪಾಗದಂತೆ ಚದುರಿಸಿ, ಕಡುಬಣ್ಣವನ್ನು ನಾಲ್ಕು ಕಡೆಗೂ ಹಂಚಿ. ಯಾವ ತುಂಡಿಡಬೇಕು ಎಂಬುದನ್ನು ಆ ಜಾಗದಲ್ಲಿ ಕೂತವರೇ ನಿರ್ಧರಿಸಲಿ.

7. ನಡು ಮುಚ್ಚುವುದು, ಮೂಲೆಯ ಹೂವು

ನಡುವೆ ಒಂದೂವರೆ ಅಡಿಯಷ್ಟು ಉಳಿದಾಗ ಆರು ಜನರ ಕೈ ಒಟ್ಟಿಗೆ ಹಿಡಿಸುವುದಿಲ್ಲ. ಇಬ್ಬರು ಮುಂದುವರಿಸಿ, ಉಳಿದವರು ಮೂಲೆಹೂವು ಮಾಡಲಿ. ಕೊನೆಯ ತುಂಡಿಗೆ ನಾಲ್ಕೂ ಅಂಚು ಮಡಚಬೇಕು. ಕೆಲವು ಸಿದ್ದಿ ಮನೆಗಳಲ್ಲಿ ಈ ಕೊನೆಯ ತುಂಡಿನೊಳಗೆ ನಾಲ್ಕಾರು ಅಕ್ಕಿಕಾಳು ಹಾಕಿ ಹೊಲಿಯುತ್ತಾರೆ, ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು.

ಮೂಲೆಹೂವೂ ಅವರದೇ ಪದ್ಧತಿ. ಚೌಕದ ತುಂಡನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿದರೆ ತ್ರಿಕೋನವಾಗುತ್ತದೆ. ಅಂಥ ಎರಡು ಮೂರನ್ನು ಒಂದರೊಳಗೊಂದು ಸೇರಿಸಿ ಮೂಲೆಗೆ ಭದ್ರವಾಗಿ ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ನೀವೂ ಹಾಕಿ, ಆದರೆ ಯಾರಿಂದ ಕಲಿತದ್ದೆಂದು ಹೇಳಿ. ಮಾರುವವರಿಗಂತೂ ಇದು ಕಡ್ಡಾಯ: ಸಿದ್ದಿ ಹೆಂಗಸರು ಹೊಲಿಯದ ಕೌದಿಗೆ "ಸಿದ್ದಿ ಕೌದಿ" ಎಂಬ ಹೆಸರು ಹಚ್ಚಬೇಡಿ. ಆ ಹೆಸರು ಅವರ ಅನ್ನ.

8. ಮುಗಿದ ಮೇಲೆ

ಉಳಿದ ಕಚ್ಚಾ ದಾರ ಬಿಚ್ಚಿ, ಅಯಸ್ಕಾಂತವನ್ನು ಇಡೀ ಮೈಮೇಲೆ ಆಡಿಸಿ. ಬಳಿಕ ಹಿಂಬದಿಯ ಒಂದು ಮೂಲೆಯಲ್ಲಿ ಸಣ್ಣ ಬಿಳಿ ತುಂಡು ಹೊಲಿದು ಅದರ ಮೇಲೆ ದಾರದಿಂದಲೇ ಹೊಲಿದವರ ಹೆಸರು, ಊರು, ವರ್ಷ ಬರೆಯಿರಿ. ಹಳೆಯ ಕೌದಿಗಳ ಮೇಲೆ ಹೊಲಿದವರ ಹೆಸರಿಲ್ಲ. ನಿಮ್ಮ ಕೌದಿಗೆ ಹಾಗಾಗದಿರಲಿ.

ಫೋಟೊ ತೆಗೆಯುವುದಾದರೆ ಬೆಳಗಿನ ಹೊತ್ತು, ನೆರಳಿನಲ್ಲಿ, ಕೌದಿಯನ್ನು ಗೋಡೆಗೆ ಕಟ್ಟಿ ನೇರ ಎದುರಿನಿಂದ ತೆಗೆಯಿರಿ. ಹಿಂಬದಿಯದೂ ಒಂದಿರಲಿ, ಹೊಲಿಗೆ ಬಲ್ಲವರು ಮೊದಲು ನೋಡುವುದು ಅದನ್ನೇ. ಪುಸ್ತಕದಲ್ಲಿ ಯಾವ ತುಂಡು ಯಾರ ಮನೆಯದು ಎಂದು ಬರೆದಿಡಿ.

ಮಾರಾಟದ ಕೌದಿಯಾದರೆ ಬೆಲೆ ಹೀಗೆ ಕಟ್ಟಿ: ಪುಸ್ತಕದಲ್ಲಿರುವ ಒಟ್ಟು ಗಂಟೆಗಳನ್ನು ನಿಮ್ಮೂರಿನಲ್ಲಿ ನಡೆಯುವ ಕೂಲಿಯ ದರದಿಂದ ಗುಣಿಸಿ, ದಾರ ಮತ್ತು ಸಾಗಣೆಯ ಖರ್ಚು ಕೂಡಿಸಿ. ಬಂದ ಮೊತ್ತ ದೊಡ್ಡದೆನಿಸಿ ಅರ್ಧಕ್ಕೆ ಇಳಿಸಬೇಡಿ. "ಹಳೆಯ ಬಟ್ಟೆಗೆ ಇಷ್ಟು ದುಡ್ಡೇ?" ಎನ್ನುವವರಿಗೆ ಗಂಟೆಗಳ ಪುಟ ತೋರಿಸಿ. ಸ್ವಸಹಾಯ ಸಂಘದಲ್ಲಿರುವವರು ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿ, ಅಂದರೆ ಗ್ರಾಮೀಣ ಮಹಿಳಾ ಸಂಘಗಳಿಗಾಗಿ ಇರುವ ಸರ್ಕಾರಿ ಯೋಜನೆಯ ವಿಭಾಗದಲ್ಲಿ, ಇಂಥ ಸಂಘಗಳ ವಸ್ತುಗಳನ್ನು ಮಾರುವ ಸರಸ್ ಮೇಳದ ಮಳಿಗೆಯ ಬಗ್ಗೆ ವಿಚಾರಿಸಬಹುದು. ಹಣ ಹಂಚುವುದು ಗಂಟೆಯ ಪ್ರಕಾರ. ಬಟ್ಟೆ ಕೊಟ್ಟವರಿಗೆ ಬೇರೆ ಪಾಲು ಬೇಕೋ ಬೇಡವೋ ಎಂಬುದು ಮೊದಲ ಸಂಜೆಯೇ ತೀರ್ಮಾನವಾಗಿರಬೇಕು.

9. ಒಗೆಯುವುದು, ದುರಸ್ತಿ

ಮೊದಲ ಸಲ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ನೆನೆದ ಕೌದಿ ಬಹಳ ಭಾರ. ಒಬ್ಬರೇ ಒಂದು ಮೂಲೆ ಹಿಡಿದು ಎತ್ತಿದರೆ ಹೊಲಿಗೆ ಹರಿಯುತ್ತದೆ. ಇಬ್ಬರು ಸೇರಿ ಎತ್ತಿ, ಅಕ್ಕಪಕ್ಕದ ಎರಡು ಹಗ್ಗಗಳ ಮೇಲೆ ಭಾರ ಹಂಚಿ ನೆರಳಿನಲ್ಲಿ ಒಣಗಿಸಿ. ಮಳೆಗಾಲ ಕಳೆದ ಮೇಲೆ ಒಂದು ದಿನ ಎಳೆಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಣ ಬೇವಿನೆಲೆ ಅಥವಾ ಬಜೆಯ ತುಂಡನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮಡಚಿಡಿ. ಪ್ರತಿ ಸಲವೂ ಬೇರೆ ಗೆರೆಯಲ್ಲಿ ಮಡಚಿ, ಒಂದೇ ಮಡಿಕೆಯಲ್ಲಿ ಬಟ್ಟೆ ಬೇಗ ಸೀಳುತ್ತದೆ.

ತುಂಡೊಂದು ಹರಿದರೆ ಅದನ್ನು ಕಿತ್ತು ತೆಗೆಯಬೇಡಿ. ನಾಲ್ಕೂ ಅಂಚು ಮಡಚಿದ ಹೊಸ ತುಂಡನ್ನು ಅದರ ಮೇಲೆಯೇ ಇಟ್ಟು, ಸುತ್ತಲಿನ ಸಾಲುಗಳ ಜೊತೆ ಸೇರುವಂತೆ ಹೊಲಿಯಿರಿ. ಅಂಚು ಮೊದಲು ಸವೆಯುತ್ತದೆ. ಆಗ ಎರಡು ಅಂಗುಲದ ಪಟ್ಟಿಯನ್ನು ಅಂಚಿನ ಎರಡೂ ಮಗ್ಗುಲಿಗೆ ಬರುವಂತೆ ಮಡಚಿ ಸುತ್ತಲೂ ಹೊಲಿದರೆ ಸಾಕು. ಈ ಕೆಲಸಕ್ಕೆ ಗುಂಪು ವರ್ಷಕ್ಕೊಂದು ದಿನ ಮೀಸಲಿಡಲಿ. ಅಂದು ಎಲ್ಲರೂ ತಮ್ಮ ತಮ್ಮ ಕೌದಿ ತರಬೇಕು, ಹೊಲಿದ ಆರು ಜನರೇ ಅದನ್ನು ದುರಸ್ತಿ ಮಾಡಿಕೊಡಬೇಕು. ಇದನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.